ಅಪ್ಪ ಮುಟ್ಟದ ಔಲಿನ ಸಾರು

ನಮ್ಮ ಮನೆಯಲ್ಲಿ ಗಾಳದ ಕೋಲು ದೇವರ ಗೂಡಿಗಿಂತ ಎತ್ತರದಲ್ಲಿ ಇರುತ್ತಿತ್ತು. ನಡುಮನೆಯ ತೊಲೆಗೆ ಎರಡು ಗೂಟ ಹೊಡೆದು ಅಪ್ಪ ತನ್ನ ಮೂರು ಬಿದಿರಿನ ಕೋಲುಗಳನ್ನು ಅಡ್ಡ ಮಲಗಿಸಿಡುತ್ತಿದ್ದ. ದೇವರ ಗೂಡು ಗೋಡೆಯಲ್ಲಿ, ನನ್ನ ಎದೆಮಟ್ಟಕ್ಕಿತ್ತು; ಗಂಟೆಯನ್ನು ಬೇಕೆಂದಾಗ ಬಾರಿಸಬಹುದಿತ್ತು, ಕುಂಕುಮದ ಬಟ್ಟಲು ಚೆಲ್ಲಿದರೂ ಅವ್ವನ ಒಂದು ಬೈಗುಳಕ್ಕೆ ಮುಗಿಯುತ್ತಿತ್ತು. ಕೋಲು ಮಾತ್ರ ಮುಟ್ಟುವ ಹಾಗಿರಲಿಲ್ಲ. ಮನೆ ಹೊಸದು, ಬಾಗಿಲು ಹಳೇದು. ಅಣೆಕಟ್ಟಿನ ಹಿನ್ನೀರು ಏರುವ ಮೊದಲು ಕೆಳಗಿದ್ದ ದೊಡ್ಡ ಮನೆಯಿಂದ ಅಜ್ಜ ಬಾಗಿಲು, ಕಂಬ, ತೊಲೆಗಳನ್ನು ಗಾಡಿಗೆ ಹೇರಿ ತಂದು, ಹೊಸನಗರ ತಾಲ್ಲೂಕಿನ ಈ ಗುಡ್ಡದ ಓರೆಯಲ್ಲಿ ಮೂರು ಅಂಕಣದ ಮನೆ ಎಬ್ಬಿಸಿದ್ದನಂತೆ. ದೊಡ್ಡ ಮನೆಯ ಬಾಗಿಲು ಸಣ್ಣ ಮನೆಗೆ ಕೂತಿತ್ತು. ಹೊಸಬರು ಬಾಗಿಲು ನೋಡಿ ಯಾರೋ ಪಟೇಲರ ಮನೆ ಅಂದುಕೊಂಡು ಒಳಗೆ ಕಾಲಿಟ್ಟು, ನಾಲ್ಕು ಹೆಜ್ಜೆಗೆ ಹಿಂದಿನ ಗೋಡೆ ಸಿಕ್ಕಿ ಪೆಚ್ಚಾಗುತ್ತಿದ್ದರು. ಅಡುಗೆಮನೆಗೆ ಒಂದೇ ಕಿಟಕಿ. ಅದರಿಂದ ನೋಡಿದರೆ ಇಳಿಜಾರು, ಇಳಿಜಾರಿನ ಕೆಳಗೆ ನಮ್ಮ ಗದ್ದೆ, ಗದ್ದೆಯ ಆಚೆ ನೀರು. ನೀರಿನಲ್ಲಿ ಮುಳುಗಿ ಸತ್ತ ಮರಗಳ ಬೊಡ್ಡೆಗಳು ಕಪ್ಪಗೆ ನಿಂತಿರುತ್ತಿದ್ದವು. ಅವ್ವ ಒಲೆ ಮುಂದೆ ಕೂತು ಆ ಕಿಟಕಿಯಿಂದಲೇ ಅಪ್ಪ ಯಾವ ಬೊಡ್ಡೆ ಹತ್ತಿರ ಕೂತಿದ್ದಾನೆ ಅಂತ ನೋಡಿ, ಅಕ್ಕಿ ಎಷ್ಟು ಹಾಕಬೇಕು ಅಂತ ತೀರ್ಮಾನ ಮಾಡುತ್ತಿದ್ದಳು.

ಅಪ್ಪನ ಹೆಸರು ಚೌಡಪ್ಪ. ಗಾಳ ಹಾಕುವುದರಲ್ಲಿ ನಮ್ಮ ಸುತ್ತಿನಲ್ಲಿ ಅವನನ್ನು ಮೀರಿಸಿದವರು ಇರಲಿಲ್ಲ. ಇದು ನಾನು ಮಗನಾಗಿ ಹೇಳುವ ಮಾತಲ್ಲ, ಬಸ್ಸಿನ ಕಂಡಕ್ಟರು, ಸಾಗರದ ಟೈಲರು, ಎಲ್ಲ ನಮ್ಮ ಜಗಲಿಗೆ ಬಂದು ಕೂತು ಕೇಳಿಕೊಂಡು ಹೋಗುತ್ತಿದ್ದರು. ಕೇಳಲಿಕ್ಕೆ ಬರುತ್ತಿದ್ದುದು ಹೆಚ್ಚಾಗಿ ಔಲಿನ ವಿಷಯ. ಔಲು ಅಂದರೆ ಹಾವಿನ ತಲೆಯ, ಮೈಮೇಲೆ ಕಪ್ಪು ಪಟ್ಟೆಯ ಮೀನು. ಮುಳ್ಳು ಕಮ್ಮಿ, ಮಾಂಸ ಗಟ್ಟಿ, ನೆಂಟರಿಗೆ ಬಡಿಸುವ ಮೀನು. ಕೆಸರು ಕಂಡರೆ ಮುಖ ಹುದುಗಿಸಿ ಕೂರುವುದು, ಜೊಂಡಿನ ನೆರಳಲ್ಲಿ ಕಡ್ಡಿಯ ಹಾಗೆ ನಿಲ್ಲುವುದು, ಕಪ್ಪೆ ಹಾರಿದರೆ ಗುಂಡು ಹೊಡೆದ ಹಾಗೆ ಏಳುವುದು. ಮನೆಯಲ್ಲಿ ದಿನಕ್ಕೆ ಹತ್ತು ಮಾತು ಆಡದ ಅಪ್ಪ ಜಗಲಿಯಲ್ಲಿ ಕೂತರೆ ಮಾಸ್ತರನ ಹಾಗೆ ಬಿಡಿಸಿ ಹೇಳುತ್ತಿದ್ದ.

"ನಿಮ್ಮ ನೆರಳು ನೀರಿನ ಮೇಲೆ ಬಿದ್ರೆ ಮನೆಗೆ ಹೋಗಿ ಮಲಗಿ, ಅವತ್ತು ಮೀನಿಲ್ಲ. ಕಪ್ಪೆಮರೀನ ನೀರಿನ ಮಧ್ಯ ಎಸೀಬೇಡಿ. ಜೊಂಡಿನ ಮೇಲೆ ಎಸೆದು, ಅದೇ ಹಾರಿಕೊಂಡು ನೀರಿಗೆ ಬಿದ್ದ ಹಾಗೆ ಎಳೀಬೇಕು. ಕಚ್ಚಿದ ತಕ್ಷಣ ಎಳೆದ್ರೆ ಕಪ್ಪೆ ನಿಮಗೆ, ಮೀನು ಹೊಳೆಗೆ. ಒಂದು ಕವಳ ಬಾಯಿಗೆ ಹಾಕೋಷ್ಟು ಹೊತ್ತು ದಾರ ಸಡಿಲ ಬಿಡಿ."

"ಅದಕ್ಕೆ ಹಸಿವಾಗೋದು ಬೆಳಿಗ್ಗೆನಾ ಸಂಜೆನಾ ಚೌಡಪ್ಪಣ್ಣ?"

"ಔಲು ಹಸಿವಿಗೆ ಕಚ್ಚೋದು ಅರ್ಧ. ನನ್ನ ಜಾಗಕ್ಕೆ ಇದು ಯಾಕೆ ಬಂತು ಅಂತ ಸಿಟ್ಟಿಗೆ ಕಚ್ಚೋದು ಅರ್ಧ."

ಟೈಲರು ಇದನ್ನೆಲ್ಲ ಬೀಡಿ ಕಟ್ಟಿನ ಕಾಗದದ ಮೇಲೆ ಬರೆದುಕೊಂಡಿದ್ದೂ ಉಂಟು. ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳಬೇಕಿತ್ತು. ಯಾಕೆಂದರೆ ನಾನು ಎದುರು ಕೂತು ಕೇಳಿದರೆ ಅಪ್ಪನ ಉತ್ತರ ಎರಡೇ ಶಬ್ದ.

"ನೋಡಿ ಕಲಿ."

ಗದ್ದೆ ಹೂಟಿ ಹೇಗೆ ಹೊಡೆಯೋದು, ನೋಡಿ ಕಲಿ. ಬೇಲಿ ಹೇಗೆ ಕಟ್ಟೋದು, ನೋಡಿ ಕಲಿ. ಊರವರಿಗೆ ಬಾಯಿ, ಮಗನಿಗೆ ಬೆನ್ನು. ಅಪ್ಪನ ಲೆಕ್ಕದಲ್ಲಿ ಹೇಳಿಸಿಕೊಂಡದ್ದು ಮರೆತುಹೋಗುತ್ತದೆ, ನೋಡಿದ್ದು ಉಳಿಯುತ್ತದೆ. ಹೊರಗಿನವರು ಮರೆತರೆ ನಷ್ಟವಿಲ್ಲ, ಅದಕ್ಕೇ ಅವರಿಗೆ ಹೇಳುತ್ತಿದ್ದ ಅಂತ ಕಾಣುತ್ತದೆ. ಇದು ಈಗ ನಾನು ಮಾಡುವ ಊಹೆ. ಆಗ ಸಿಟ್ಟು ಮಾತ್ರ ಇತ್ತು. ನಾನು ಶಾಲೆಯಲ್ಲಿ ದಡ್ಡನಾಗಿರಲಿಲ್ಲ, ಮಗ್ಗಿ ಹೇಳುವುದರಲ್ಲಿ ನನ್ನ ಮುಂದೆ ಯಾರೂ ಇರಲಿಲ್ಲ. ಮೂರು ಗುಡ್ಡ ದಾಟಿ ಹೋಗಿ ಮಾಸ್ತರು ಬಾಯಿಬಿಟ್ಟು ಹೇಳಿದ್ದನ್ನು ಕಲಿತು ಬರುತ್ತಿದ್ದೆ. ಮನೆಯಲ್ಲಿ ಮಾತ್ರ ಎಮ್ಮೆಗೂ ನನಗೂ ಒಂದೇ ಪಾಠ.

ನಾನು ಏಳನೇ ಕ್ಲಾಸಿಗೆ ಹೋದ ವರ್ಷ ನಮ್ಮ ಅಕ್ಕ ಸುಶೀಲಳಿಗೆ ಅರಳಸುರಳಿ ಕಡೆಯಿಂದ ಗಂಡು ಬಂತು. ಅಕ್ಕಿ ಮಿಲ್ಲಿನಲ್ಲಿ ಕೆಲಸ, ಒಳ್ಳೆ ಮೈಕಟ್ಟಿನ ಹುಡುಗ. ನೋಡಿಕೊಂಡು ಹೋಗುವಾಗ ಅಂಗಳ ದಾಟಿದವನು ವಾಪಸು ಬಂದು, "ಒಂದು ಲೋಟ ನೀರು ಕೊಡ್ತೀರಾ" ಅಂತ ಕೇಳಿದ. ಆಗಷ್ಟೇ ಎರಡು ಲೋಟ ಕಾಫಿ ಕುಡಿದಿದ್ದ. ಅಕ್ಕ ನೀರು ಕೊಟ್ಟು ಒಳಗೆ ಬಂದವಳು ಮಧ್ಯಾಹ್ನದವರೆಗೂ ಅದೇ ಲೋಟ ತೊಳೆಯುತ್ತಿದ್ದಳು. ಎರಡೂ ಕಡೆ ಒಪ್ಪಿಗೆಯಾಯಿತು. ಉಳಿದದ್ದು ಮದುವೆಯ ಮಾತು ಕಟ್ಟುವ ಊಟ ಒಂದೇ. ಆಷಾಢ ಹಿಡಿಯುವುದರೊಳಗೆ ಅದು ಮುಗಿಯಬೇಕು. ಗಂಡಿಗೆ ತಂದೆ ಇರಲಿಲ್ಲ, ಎಲ್ಲ ಅವನ ಸೋದರಮಾವನದ್ದೇ ಯಜಮಾನಿಕೆ. ಆ ಸೋದರಮಾವ ಹೊರಡುವಾಗ ಮೀಸೆ ತೀಡುತ್ತ ಒಂದು ಮಾತು ಬಿಟ್ಟ.

"ಕೋಳಿ ಗೀಳಿ ಕಡೀಬೇಡಿ ಚೌಡಪ್ಪೋರೇ, ಅದು ನಮ್ಮನೇಲೂ ಉಂಟು. ನಿಮ್ಮ ಹಿನ್ನೀರಿನ ಔಲಿನ ಸಾರು ಭಾರಿ ಅಂತ ಕೇಳಿದೀನಿ."

"ಆತು" ಅಂದ ಅಪ್ಪ.

ಅವ್ವ ಅವತ್ತೇ ಮೀನಿನ ಸಾರಿಗೆ ಹಾಕುವ ವಾಟೆಹುಳಿಯ ಡಬ್ಬಿ ತೆಗೆದು ನೋಡಿದಳು. ಮೀನಿಗೆ ಬೇರೆ ಒಲೆ ಹಿತ್ತಲಲ್ಲಿತ್ತು. ಅದಕ್ಕೆ ಹೊಸ ಮಣ್ಣು ಮೆತ್ತಿದಳು, ಮೀನಿನ ದೊಡ್ಡ ಮಡಕೆಯನ್ನು ಬೂದಿ ಹಾಕಿ ಉಜ್ಜಿದಳು. ಅಪ್ಪ ದಿನಾ ಬೆಳಿಗ್ಗೆ ಕೋಲು ತಗೊಂಡು ಇಳಿದು ಹೋದ. ಮಳೆ ಬಿದ್ದು ಹಳ್ಳದ ಕೆಂಪು ನೀರು ಹಿನ್ನೀರಿಗೆ ಸೇರುತ್ತಿದ್ದ ಕಾಲ, ಔಲು ದಡಕ್ಕೆ ಬರುವ ಕಾಲ. ಆದರೆ ಬೊಗಸೆ ಸಣ್ಣ ಮೀನು, ನಾಲ್ಕು ಏಡಿ, ಇಷ್ಟೇ ತಂದ. ಔಲು ಇಲ್ಲ. ಊಟದ ದಿನ ಹತ್ತಿರ ಬಂದ ಹಾಗೆ ಅವ್ವ ಪಾತ್ರೆಗಳ ಜೊತೆ ಮಾತಾಡಲಿಕ್ಕೆ ಶುರು ಮಾಡಿದಳು. ಅಪ್ಪನಿಗೆ ನೇರ ಹೇಳುವ ಪದ್ಧತಿ ಅವಳಿಗಿರಲಿಲ್ಲ. ಹೇಳಬೇಕಾದ್ದನ್ನು ಬಾಣಲೆಗೆ ಹೇಳುತ್ತಿದ್ದಳು.

"ಊರಿಗೆಲ್ಲ ಪಾಠ ಹೇಳೋರ ಮನೆ. ಮಗಳ ಊಟಕ್ಕೆ ಒಂದು ಮೀನಿಲ್ಲ."

ಅಪ್ಪ ಗಂಜಿ ಉಂಡು ಕೈ ತೊಳೆದು ಗದ್ದೆಗೆ ಹೋದ. ಅಕ್ಕ ಕಿಟಕಿ ಹತ್ತಿರ ನಿಲ್ಲುವುದು ಜಾಸ್ತಿಯಾಯಿತು.

ಊಟದ ದಿನ ಬೆಳಿಗ್ಗೆ ಅಪ್ಪ ನೆಂಟರನ್ನು ಕರೆತರಲಿಕ್ಕೆ ಬಸ್ಸು ನಿಲ್ಲುವಲ್ಲಿಗೆ ಹೋದ. ಎರಡು ಮೈಲಿ ದೂರ, ಬಸ್ಸು ಯಾವತ್ತೂ ತಡ. ನಾನು ಎಮ್ಮೆಗೆ ಹುಲ್ಲು ತರಲಿಕ್ಕೆ ನೀರಿನ ಅಂಚಿಗೆ ಹೋದೆ. ಹಳ್ಳ ಬಂದು ಸೇರುವ ಕಡೆ ಸತ್ತ ನೇರಳೆ ಮರದ ಬೊಡ್ಡೆ ಇತ್ತು, ಅದರ ಬುಡಕ್ಕೆ ನೇರಳೆ ಗುಂಡಿ ಅಂತಲೇ ಹೆಸರು. ಅಲ್ಲಿ ನೀರಿನ ಮೇಲೆ ಯಾರೋ ಕುಂಕುಮ ಕದಡಿ ಚೆಲ್ಲಿದ ಹಾಗೆ, ಒಂದು ಮೊರದಷ್ಟು ಅಗಲಕ್ಕೆ ಕೆಂಪು. ಅದು ಜರುಗುತ್ತಿತ್ತು. ಬಗ್ಗಿ ನೋಡಿದರೆ ಮೀನಿನ ಮರಿಗಳು, ಒಂದೊಂದೂ ಭತ್ತದ ಕಾಳಿನಷ್ಟು, ಸಾವಿರಾರು, ಕುದಿಯುವ ನೀರಿನ ಹಾಗೆ ಮೇಲೆ ಬಂದು ಬಾಯಿ ತೆಗೆದು ಒಳಗೆ ಹೋಗುತ್ತಿದ್ದವು. ಅವುಗಳ ಕೆಳಗೆ ನನ್ನ ತೋಳಿನಷ್ಟು ದಪ್ಪದ ಒಂದು ಕಪ್ಪು. ದಡದ ಕಲ್ಲಿನ ಹತ್ತಿರ ಅಪ್ಪ ಸೇದಿ ಎಸೆದ ಬೀಡಿ ತುಂಡುಗಳಿದ್ದವು, ಹಳೇದಲ್ಲ, ಆ ವಾರದ್ದು. ಅಂದರೆ ಅಪ್ಪ ಇಲ್ಲೇ ಕೂತಿದ್ದಾನೆ, ಇಲ್ಲೇ ಕೂತೂ ಅವನಿಗೆ ಇದು ಕಂಡಿಲ್ಲ. ಅಪ್ಪನ ಕಣ್ಣು ಹೋಗಿದೆ ಅಂದುಕೊಂಡೆ. ದೇವರಾಣೆ, ನನಗೆ ಹೊಳೆದದ್ದು ಅಷ್ಟೇ. ಜೊತೆಗೆ ಸಣ್ಣದೊಂದು ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಓಡಿಹೋಗಿ, ಒರಳುಕಲ್ಲಿನ ಮೇಲೆ ಹಲಗೆ ಇಟ್ಟು ಹತ್ತಿ, ತೊಲೆಯಿಂದ ಸಣ್ಣ ಕೋಲು ಇಳಿಸಿದೆ. ಕಪ್ಪೆಮರಿ ಹಿಡಿದೆ. ಬಾಗಿಲ ಸಂದಿಯಲ್ಲಿ ಕೇಳಿದ್ದನ್ನೆಲ್ಲ ಮಾಡಿದೆ: ನೆರಳು ಹಿಂದಕ್ಕೆ ಬೀಳುವ ಹಾಗೆ ಕೂತೆ, ಜೊಂಡಿನ ಮೇಲೆ ಎಸೆದೆ, ಮೆಲ್ಲಗೆ ನೀರಿಗೆ ಬೀಳಿಸಿದೆ. ಕಪ್ಪೆ ಆ ಕೆಂಪಿನ ಅಂಚಿಗೆ ಹೋಗಿದ್ದಷ್ಟೇ ನೆನಪು. ನೀರು ಸೀಳಿತು. ಕವಳ ಹಾಕುವಷ್ಟು ಹೊತ್ತು ಕಾಯಬೇಕಾಗಲೇ ಇಲ್ಲ, ಮೀನು ಗಂಟಲವರೆಗೆ ನುಂಗಿತ್ತು. ಅಷ್ಟು ಹಳೆಯ, ಅಷ್ಟು ಹುಷಾರಿ ಮೀನು ಮೊದಲ ಎಸೆತಕ್ಕೆ ಯಾಕೆ ಸಿಕ್ಕಿತು ಅಂತ ನಾನು ಆಗಲೇ ಯೋಚಿಸಬೇಕಿತ್ತು. ಹನ್ನೆರಡು ವರ್ಷದವನು ಯೋಚಿಸಲಿಲ್ಲ. ಹೆಗಲ ಮೇಲೆ ಹಾಕಿಕೊಂಡು ಬಂದೆ, ಬಾಲ ಮೊಣಕಾಲಿಗೆ ಬಡಿಯುತ್ತಿತ್ತು.

ಅವ್ವ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದಳು. ಅಕ್ಕ ಬೂದಿ ಹಾಕಿ ಮೀನು ಹಿಡಿದು ಮೈಮೇಲಿನ ಹೊಪ್ಪೆ ಕೆರೆದು ತೆಗೆಯುತ್ತ, "ಗಣಪ, ನಿನಗೆ ನನ್ನ ಮನೆಯಲ್ಲಿ ದಿನಾ ದೋಸೆ" ಅಂದಳು. ಅರಳಸುರಳಿಯ ಮನೆ ಆಗಲೇ ಅವಳ ಮನೆಯಾಗಿತ್ತು. ಹಿತ್ತಲ ಒಲೆಯಲ್ಲಿ ವಾಟೆಹುಳಿ, ಕೊತ್ತಂಬರಿ, ಸುಟ್ಟ ಮೆಣಸಿನ ವಾಸನೆ ಏಳುವ ಹೊತ್ತಿಗೆ ಅಪ್ಪ ನಾಲ್ಕು ಜನ ನೆಂಟರನ್ನು ಕರೆದುಕೊಂಡು ಬಂದ. ವಾಸನೆ ಅವನಿಗೆ ಅಂಗಳದಲ್ಲೇ ಗೊತ್ತಾಯಿತು. ಕಾಲು ತೊಳೆಯಲಿಕ್ಕೆ ಹಿತ್ತಲಿಗೆ ಬಂದವನು ಮಡಕೆ ನೋಡಿದ, ತೊಲೆಯಿಂದ ಇಳಿದಿದ್ದ ಕೋಲು ನೋಡಿದ, ನನ್ನನ್ನು ನೋಡಿದ.

"ಎಲ್ಲಿ?"

"ನೇರಳೆ ಗುಂಡಿ."

ಅಪ್ಪನ ಮುಖದಲ್ಲಿ ಏನೂ ಆಗಲಿಲ್ಲ. ಎರಡು ಚೊಂಬು ನೀರು ಹೆಚ್ಚು ಹಾಕಿಕೊಂಡು ಕಾಲು ತೊಳೆದ, ಅಷ್ಟೇ. ಭೇಷ್ ಅನ್ನುತ್ತಾನೆ ಅಂತ ನಾನು ಕಾಯುತ್ತ ನಿಂತಿದ್ದೆ.

ಮಾತು ಕಟ್ಟುವ ಊಟಕ್ಕೆ ನಮ್ಮಲ್ಲಿ ಒಂದು ಕ್ರಮ. ಮನೆ ಯಜಮಾನ ನೆಂಟರ ಪಂಕ್ತಿಯಲ್ಲೇ ಕೂರಬೇಕು, ಬಡಿಸಿದ್ದರಲ್ಲಿ ಎಲ್ಲವನ್ನೂ ಮೊದಲು ತಾನು ಒಂದು ತುತ್ತು ಮುಟ್ಟಬೇಕು. ನಮ್ಮ ಮನೆಯ ಅನ್ನಕ್ಕೆ ನಾವು ಜವಾಬ್ದಾರಿ ಅಂತ ಅದರ ಅರ್ಥ. ಮತ್ತೆ ನೆಂಟರು ಕೈ ಹಾಕುವುದು. ನಡುಮನೆಯಲ್ಲಿ ಐದು ಬಾಳೆಲೆ. ಅವ್ವ ಅನ್ನ ಹಾಕಿದಳು, ಅಪ್ಪ ಮುಟ್ಟಿದ. ಪಲ್ಯ ಹಾಕಿದಳು, ಮುಟ್ಟಿದ. ಸಾರಿನ ಮಡಕೆ ಹಿಡಿದು ಬಂದು ಸೋದರಮಾವನಿಗೆ ನಡುತುಂಡು ಹಾಕಿದಳು, ಉಳಿದವರಿಗೆ ಹಾಕಿದಳು, ಕಡೆಗೆ ಅಪ್ಪನ ಎಲೆಗೆ ಬಗ್ಗಿದಳು. ಅಪ್ಪ ಎಲೆಯ ಮೇಲೆ ಕೈ ಅಡ್ಡ ಇಟ್ಟ.

"ನನಗೆ ಬೇಡ."

ಅವ್ವನ ಸೌಟು ಗಾಳಿಯಲ್ಲಿ ನಿಂತಿತು. ಸೋದರಮಾವ ನಕ್ಕ.

"ಎಂತ ಚೌಡಪ್ಪೋರೇ, ಹಿಡಿದೋರೇ ಉಣ್ಣದಿದ್ರೆ ಹೆಂಗೆ? ವ್ರತವಾ?"

"ಅಲ್ಲ. ನೀವು ಉಣ್ಣಿ."

"ಮೈ ಹುಷಾರಿಲ್ವಾ?"

"ಹುಷಾರಿದೀನಿ."

"ಮತ್ತೆ ಒಂದು ತುತ್ತು ಮುಟ್ಟಿ. ಕ್ರಮಕ್ಕೆ."

ಅಪ್ಪ ಮುಟ್ಟಲಿಲ್ಲ. ಹೊಟ್ಟೆ ನೋವು ಅಂದಿದ್ದರೆ ಆಗುತ್ತಿತ್ತು. ಹರಕೆ ಅಂದಿದ್ದರೆ ಆಗುತ್ತಿತ್ತು. ನಿಜ ಹೇಳಿದ್ದರೂ ಆಗುತ್ತಿತ್ತು. ಹುಡುಗ ಗೊತ್ತಿಲ್ಲದೆ ಮರಿ ಕಾಯುವ ಮೀನು ಹಿಡಿದ ಅಂದಿದ್ದರೆ ನಾಲ್ಕು ಜನ ನಕ್ಕು ನನ್ನ ಬೆನ್ನು ತಟ್ಟಿ ಉಣ್ಣುತ್ತಿದ್ದರು. ಸುಳ್ಳು ಅವನಿಗೆ ಬರುತ್ತಿರಲಿಲ್ಲ, ನಿಜ ಹೇಳಿದರೆ ನೆಂಟರ ಎದುರು ಮಗನ ಮೇಲೆ ತಪ್ಪು ಹೊರಿಸಿದ ಹಾಗೆ ಅಂದುಕೊಂಡನೋ ಏನೋ. ಬರೀ ಅನ್ನ ಕಲಸುತ್ತ ಕೂತ. ಸೋದರಮಾವನ ನಗು ನಿಂತಿತು. ತನ್ನ ಎಲೆಯ ತುಂಡನ್ನು ಎರಡು ಬೆರಳಲ್ಲಿ ಎತ್ತಿ ಎಲೆಯ ತುದಿಗೆ ಇಟ್ಟ. ಅವನು ಇಟ್ಟದ್ದು ನೋಡಿ ಉಳಿದ ಮೂವರೂ ಇಟ್ಟರು, ನೀರು ಕೇಳಿದ ಆ ಹುಡುಗನೂ. ಮಜ್ಜಿಗೆ ಅನ್ನ ಉಂಡು ಎದ್ದರು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಬಾಳೆಹಣ್ಣಿನ ತಟ್ಟೆ ಹಿಡಿದು ನಿಂತಿದ್ದಳು, ಯಾರೂ ಅದನ್ನು ತಗೊಳ್ಳಲಿಲ್ಲ. ಒಂದು ವಾರಕ್ಕೆ ಯಾರದ್ದೋ ಬಾಯಲ್ಲಿ ಮಾತು ಬಂತು: ಯಜಮಾನ ಮುಟ್ಟದ್ದನ್ನು ನೆಂಟರಿಗೆ ಬಡಿಸುವ ಮನೆಯ ಹೆಣ್ಣು ನಮಗೆ ಬೇಡವಂತೆ.

ಆ ಮಾತು ಬರುವ ಮೊದಲೇ, ಊಟದ ಮಾರನೇ ಬೆಳಿಗ್ಗೆಯೇ, ಅಪ್ಪ ಮಾಡಿದ ಕೆಲಸ ಇನ್ನೊಂದು. ಉದ್ದ ಬಿದಿರಿನ ಗಳಕ್ಕೆ ಅವ್ವನ ಹಳೇ ಸೀರೆಯ ಚೂರು ಕಟ್ಟಿಕೊಂಡು ನೇರಳೆ ಗುಂಡಿಗೆ ಹೋಗಿ ಕಲ್ಲಿನ ಮೇಲೆ ಕೂತ. ನೀರುಕಾಗೆ ಬಂದರೆ ಗಳ ಬೀಸುವುದು, ಬೆಳ್ಳಕ್ಕಿ ಬಂದರೆ ಗಳ ಬೀಸುವುದು. ಕತ್ತಲಾಗುವವರೆಗೆ ಅದೇ. ಮಾರನೇ ದಿನವೂ ಅದೇ. ಗದ್ದೆಯಲ್ಲಿ ನೀರು ನಿಂತಿದೆ, ಅಗೆಮಡಿಯಲ್ಲಿ ಸಸಿ ಎದ್ದು ನಿಂತಿದೆ, ಊರೆಲ್ಲ ಹೂಟಿ ನಡೆದಿದೆ, ನಮ್ಮ ಯಜಮಾನ ಮೀನಿನ ಮರಿ ಕಾಯುತ್ತಿದ್ದಾನೆ. ದಾರಿಯಲ್ಲಿ ಹೋಗುವವರು ನಿಂತು, "ಎಂತ ಚೌಡಪ್ಪಣ್ಣ, ಹೊಸ ಕೆಲಸ ಸಿಕ್ತಾ?" ಅಂತ ಕೇಳಿಕೊಂಡು ಹೋಗುತ್ತಿದ್ದರು. ಅವ್ವ ಅವತ್ತು ಮೊದಲ ಸಲ ಬಾಣಲೆಯನ್ನು ಬಿಟ್ಟು, ಅಂಗಳದಲ್ಲಿ ನಿಂತು ನೇರ ನೀರಿನ ಕಡೆಗೇ ಕೂಗಿದಳು.

"ಮಗಳ ಮದುವೆ ನೀರಿಗೆ ಹಾಕಿ, ಮೀನಿನ ಮರಿ ಕಾಯ್ತಾ ಕೂತಿದಾರೆ ನೋಡಿ."

ಎತ್ತು ಹೂಡಲಿಕ್ಕೆ ಯಾರೂ ಇರಲಿಲ್ಲ. ಅಪ್ಪ ಹೇಳಲಿಲ್ಲ, ಅವ್ವನೂ ಹೇಳಲಿಲ್ಲ. ಪಾಟಿಚೀಲ ಗೋಡೆಗೆ ಸಿಕ್ಕಿಸಿ ನಾನೇ ನೊಗ ಹೊತ್ತುಕೊಂಡು ಇಳಿದೆ. ನೇಗಿಲ ಮೇಳಿ ನನ್ನ ಎದೆಗೆ ಬರುತ್ತಿತ್ತು. ಬಲದ ಎತ್ತು ನನ್ನನ್ನು ಒಂದು ಸಲ ತಿರುಗಿ ನೋಡಿ, ಇವನು ಲೆಕ್ಕಕ್ಕಿಲ್ಲ ಅಂತ ತೀರ್ಮಾನ ಮಾಡಿ ತನಗೆ ಬೇಕಾದ ಕಡೆ ನಡೆಯಿತು. ಸಾಲು ಹಾವು ಹೋದ ಹಾಗೆ ಬಂತು. ಸಂಜೆಗೆ ಅಂಗೈಯಲ್ಲಿ ಗುಳ್ಳೆ, ಮಾರನೇ ದಿನಕ್ಕೆ ಗುಳ್ಳೆ ಒಡೆದು ಉರಿ. ಗದ್ದೆಯಿಂದ ತಲೆ ಎತ್ತಿದರೆ ಅಪ್ಪ ಕಾಣುತ್ತಿದ್ದ, ಕಲ್ಲಿನ ಮೇಲೆ, ಗಳ ಹಿಡಿದು. ಅಷ್ಟು ಸಿಟ್ಟು ನನ್ನ ಜನ್ಮದಲ್ಲಿ ನನಗೆ ಇನ್ಯಾರ ಮೇಲೂ ಬಂದಿಲ್ಲ. ಅವ್ವ ಅವನಿಗೆ ಊಟ ಕಳಿಸುವುದು ನಿಲ್ಲಿಸಿದ್ದಳು. ಕಳಿಸುತ್ತಿದ್ದವಳು ಅಕ್ಕ. ಅಕ್ಕಿ ರೊಟ್ಟಿಗೆ ಉಪ್ಪಿನಕಾಯಿ ಹಚ್ಚಿ, ಬಾಳೆಲೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, "ಅಪ್ಪನಿಗೆ ಕೊಟ್ಟು ಬಾ" ಅನ್ನುತ್ತಿದ್ದಳು, ಕಣ್ಣು ಬೇರೆ ಕಡೆ ಇಟ್ಟು. ಮೂರನೆಯ ದಿನವೋ ನಾಲ್ಕನೆಯ ದಿನವೋ ರೊಟ್ಟಿ ಕೊಡುತ್ತ ನಾನು ಕೇಳಿಯೇಬಿಟ್ಟೆ.

"ಎಷ್ಟು ದಿನ ಕೂರ್ತೀಯ?"

"ಕೆಂಪು ಹೋಗಿ ಕಪ್ಪು ತಿರುಗೋವರೆಗೆ. ಆಮೇಲೆ ಅವು ಚದುರ್ತಾವೆ."

"ಜೋಡಿ ಮೀನು ಇನ್ನೊಂದು ಐತಲ್ಲ ಕಾಯಲಿಕ್ಕೆ."

"ಐತೆ. ಅದೊಂದೇ ಸಾಕಾಗಲ್ಲ."

"ಮರಿ ಇರೋ ಔಲಿಗೆ ಗಾಳ ಹಾಕಬಾರದು ಅಂತ ನನಗೆ ಹೇಳಿದ್ಯಾ?"

ಅಪ್ಪ ರೊಟ್ಟಿ ಮುರಿದ. ಒಂದು ಚೂರು ಕಲ್ಲಿನ ಮೇಲೆ ಇಟ್ಟ, ಇರುವೆಗಳಿಗೆ.

"ನಾನು ಯಾವತ್ತಾದ್ರೂ ಹಾಕಿದ್ದು ನೋಡಿದೀಯಾ?"

"ಇಲ್ಲ."

"ಮತ್ತೆ?"

ಆ 'ಮತ್ತೆ' ನನ್ನ ಹೊಟ್ಟೆಯಲ್ಲಿ ಮುಳ್ಳಿನ ಹಾಗೆ ಇವತ್ತಿಗೂ ಇದೆ. ಅಪ್ಪ ಮಾಡಿದ್ದನ್ನು ನಾನು ನೋಡಬಹುದಿತ್ತು. ಮಾಡದೆ ಬಿಟ್ಟದ್ದನ್ನು ಹೇಗೆ ನೋಡುವುದು? ಐದು ಬೆಳಿಗ್ಗೆ ಅವನು ಆ ಕಲ್ಲಿನ ಮೇಲೆ ಕೂತು, ಕೈಗೆಟುಕುವ ಮೀನನ್ನು ನೋಡುತ್ತ, ಬೀಡಿ ಸೇದಿ, ಕೋಲು ಹೆಗಲಿಗೇರಿಸಿ ಔಲಿಲ್ಲದೆ ಮನೆಗೆ ಬಂದಿದ್ದಾನೆ. ಹೆಂಡತಿಯ ಮಾತು ಕೇಳಿದ್ದಾನೆ. ಮಗಳ ಮುಖ ನೋಡಿದ್ದಾನೆ. ಇದನ್ನೆಲ್ಲ ನಾನು ನೋಡಿ ಕಲಿಯಬೇಕಿತ್ತಂತೆ. ಒಂದು ಮಾತು, ಒಂದೇ ಮಾತು, ಟೈಲರಿಗೆ ಹೇಳಿದ ಸಾವಿರದಲ್ಲಿ ಒಂದು ನನಗೆ ಹೇಳಿದ್ದರೆ ನಾನು ಕೋಲು ಇಳಿಸುತ್ತಿರಲಿಲ್ಲ. ಮರಿಗಳು ಕಪ್ಪು ತಿರುಗಿ ಅಪ್ಪ ಕಲ್ಲಿನಿಂದ ಎದ್ದು ಬರುವ ಹೊತ್ತಿಗೆ ಹೂಟಿ ಮುಗಿದಿತ್ತು, ನಾಟಿ ಶುರುವಾಗಿತ್ತು. ನಾಟಿ ಆದ ಮೇಲೆ ಶಾಲೆಗೆ ಹೋಗು ಅಂದಳು ಅವ್ವ. ನಾಟಿ ಆದ ಮೇಲೆ ಕಳೆ ಬಂತು. ಕೆಸರು ಹೋಗದ ಉಗುರು ಇಟ್ಟುಕೊಂಡು ಬೆಂಚಿನ ಮೇಲೆ ಕೂರಲಿಕ್ಕೆ ನನಗೂ ಮನಸ್ಸಾಗಲಿಲ್ಲ. ಶಾಲೆ ಬಿಟ್ಟದ್ದಕ್ಕೆ ನಾನು ಯಾರ ಹತ್ತಿರವೂ ಕಣ್ಣೀರು ಹಾಕಿದವನಲ್ಲ. ಇದೇ ಕೈಯಲ್ಲಿ ಗದ್ದೆ ಹೆಚ್ಚಿಸಿದೆ, ಕಲ್ಲು ಹೊತ್ತು ಬೇರೆ ಮನೆ ಕಟ್ಟಿದೆ, ಓದಿದವರು ನನ್ನ ಅಂಗಳಕ್ಕೆ ಬಂದು ಸಲಹೆ ಕೇಳುತ್ತಾರೆ. ಆದರೆ ನಾನು ಬಿಟ್ಟದ್ದು ನನ್ನ ಇಷ್ಟಕ್ಕಲ್ಲ, ಒಂದು ಮೊರದಷ್ಟು ಮೀನಿನ ಮರಿಗಾಗಿ ಅಂತ ನೆನಪಾದರೆ ಈಗಲೂ ಹಲ್ಲು ಕಚ್ಚುತ್ತೇನೆ.

ಅಕ್ಕನಿಗೆ ಎರಡು ವರ್ಷದ ಮೇಲೆ ಸಾಗರದ ಹತ್ತಿರ ಮದುವೆಯಾಯಿತು. ಕೆಟ್ಟ ಮನೆಯಲ್ಲ. ಭಾವ ಈಗಿಲ್ಲ, ಅವಳು ಆಗಾಗ ಬಂದು ನಮ್ಮಲ್ಲಿ ತಿಂಗಳುಗಟ್ಟಲೆ ಇರುತ್ತಾಳೆ. ಅಪ್ಪ ಹೋಗಿ ಬಹಳ ಕಾಲವಾಯಿತು. ಆ ಊಟದ ವಿಷಯ ಕಡೆಯವರೆಗೂ ಎತ್ತಲಿಲ್ಲ. ಈ ವರ್ಷ ಮಳೆ ಹಿಡಿದ ಮೇಲೆ ಒಂದು ಭಾನುವಾರ ನನ್ನ ಮಗಳೂ ಅಳಿಯ ಸಂತೋಷನೂ ತೀರ್ಥಹಳ್ಳಿಯಿಂದ ಬಂದರು. ಅಳಿಯ ಹಿಟಾಚಿ ಓಡಿಸುತ್ತಾನೆ, ಕೆಲಸದಲ್ಲಿ ನಂಬಿಗಸ್ತ, ನನಗೆ ಅವನ ಮೇಲೆ ಒಳ್ಳೆ ಅಭಿಪ್ರಾಯ. ಅವನಿಗೆ ಗಾಳದ ಹುಚ್ಚು. ಮಡಚುವ ಕೋಲು, ತಿರುಗಿಸುವ ರಾಟೆ, ಹೊಟ್ಟೆಯಲ್ಲಿ ಎರಡು ಕೊಕ್ಕೆ ಇರುವ ರಬ್ಬರಿನ ಕಪ್ಪೆ. ಪಾಠ ಎಲ್ಲ ಮೊಬೈಲಿನಲ್ಲಿ. ನೀರಿನ ಬಣ್ಣ ನೋಡಿ ಕಪ್ಪೆಯ ಬಣ್ಣ ಆರಿಸಬೇಕಂತೆ. ನಾಲ್ಕು ವರ್ಷದಿಂದ ನನ್ನ ಜೊತೆ ನೀರಿಗೆ ಬರುತ್ತಾನೆ. ಅವನು ಕೇಳುತ್ತಾನೆ, ನಾನು ಬಿದಿರು ಕೋಲು ಎತ್ತಿಕೊಂಡು 'ನೋಡು' ಅನ್ನುತ್ತೇನೆ. ಆ ಬೆಳಿಗ್ಗೆ ನಾನು ಗೊಬ್ಬರ ತರಲಿಕ್ಕೆ ಪೇಟೆಗೆ ಹೋಗಿದ್ದೆ. ವಾಪಸು ಬಂದಾಗ ಒಗ್ಗರಣೆಯ ವಾಸನೆ, ಜಗಲಿಯಲ್ಲಿ ಅಳಿಯ, ಮೊಬೈಲಿನಲ್ಲಿ ಮೀನು ಹಿಡಿದು ನಿಂತ ಫೋಟೋ.

"ಎಲ್ಲಿ?" ಅಂದೆ. ನನ್ನ ದನಿ ನನಗೇ ಪರಿಚಯದ್ದು ಅನ್ನಿಸಿತು.

"ನೇರಳೆ ಗುಂಡಿ ಮಾವ. ಮೇಲೆ ಕೆಂಪು ಮರಿ ಇತ್ತು. ಮರಿ ಕಂಡಲ್ಲಿ ಕಪ್ಪೆ ಹಾಕಿ, ಗ್ಯಾರಂಟಿ ಅಂತ ವಿಡಿಯೋದಲ್ಲಿ ಹೇಳ್ತಾರೆ. ಒಂದೇ ಎಸೆತ."

ಮಧ್ಯಾಹ್ನ ಊಟಕ್ಕೆ ಕೂತೆವು. ಮಗಳು ನನ್ನ ತಟ್ಟೆಗೆ ನಡುತುಂಡು ಹಾಕಿದಳು. ಎದುರು ಅಕ್ಕ ಕೂತಿದ್ದಳು. ಅವಳು ತಟ್ಟೆ ನೋಡಲಿಲ್ಲ, ನನ್ನ ಕೈ ನೋಡುತ್ತಿದ್ದಳು. ಎಲ್ಲರ ಎದುರು ನಾನು ಬಾಯಿಬಿಟ್ಟೆ.

"ಸಂತೋಷ, ಬೇಜಾರು ಮಾಡ್ಕಬೇಡ. ಇದು ಮರಿ ಕಾಯ್ತಿದ್ದ ಮೀನು. ಅದಕ್ಕೆ ಗಾಳ ಹಾಕೋದು ಈ ಮನೇಲಿ ಇಲ್ಲ. ನಾನು ಉಣ್ಣಲ್ಲ. ನೀವು ಉಣ್ಣಿ."

ಹೇಳಿ ಮುಗಿಸಿದಾಗ ಎದೆ ಹಗುರಾಯಿತು. ನೋಡಪ್ಪ, ಇಷ್ಟೇ ಇತ್ತು, ನೀನು ಹೇಳಬೇಕಾದ್ದು ಇಷ್ಟೇ ಇತ್ತು ಅಂತ ಸತ್ತ ಅಪ್ಪನಿಗೆ ಮನಸ್ಸಲ್ಲೇ ಹೇಳಿದೆ. ಗೆದ್ದೆ ಅಂದುಕೊಂಡೆ. ಅಳಿಯ ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. ಅವನಿಗೆ ಸಿಟ್ಟು ಬಂದಿರಲಿಲ್ಲ, ಮುಖ ಮಾತ್ರ ಸಣ್ಣದಾಗಿತ್ತು.

"ನಾಲ್ಕು ಮಳೆಗಾಲ ನಿಮ್ಮ ಜೊತೆ ಆ ಗುಂಡಿಗೆ ಬಂದೀನಿ ಮಾವ. ಒಂದ್ಸಲ ಹೇಳ್ಬಾರ್ದಿತ್ತಾ?"

ನಾನು ಯಾವತ್ತಾದ್ರೂ ಹಾಕಿದ್ದು ನೋಡಿದೀಯಾ ಅನ್ನುವ ಮಾತು ನನ್ನ ಹಲ್ಲಿನವರೆಗೆ ಬಂತು. ಪೂರಾ ಬಂತು, ಅಪ್ಪನ ದನಿಯಲ್ಲೇ. ನೀರು ಕುಡಿದು ಒಳಗೆ ತಳ್ಳಿದೆ. ಅಕ್ಕ ಕೈ ಚಾಚಿ ನನ್ನ ತಟ್ಟೆಯ ತುಂಡನ್ನು ತನ್ನ ತಟ್ಟೆಗೆ ಹಾಕಿಕೊಂಡಳು.

"ಉಣ್ಣೋ ಸಂತೋಷ. ಸತ್ತ ಮೀನು ವಾಪಸು ಈಜಲ್ಲ. ಅವತ್ತಿನ ಸಾರೂ ಹೀಗೇ ಇತ್ತು. ನೆಂಟರು ಹೋದ ಮೇಲೆ ಅವ್ವನೂ ನಾನೂ ಅತ್ವಿ, ಆಮೇಲೆ ಇಬ್ರೂ ಹಿತ್ತಲಲ್ಲಿ ಕೂತು ಮಡಕೆ ಖಾಲಿ ಮಾಡಿದ್ವಿ."

"ನನಗೆ ಯಾರೂ ಹೇಳಲೇ ಇಲ್ವಲ್ಲ" ಅಂದೆ.

"ನೀನು ಅಪ್ಪನ ಹಾಗೆ ಮುಖ ಮಾಡ್ಕೊಂಡು ಗದ್ದೆಗೆ ಹೋಗಿದ್ದೆ. ನಿನಗೆ ಯಾರು ಹೇಳ್ತಾರೆ?"

ಕೈ ತೊಳೆದು ನಾನು ಒಂದು ಬಿದಿರಿನ ಗಳಕ್ಕೆ ಹಳೇ ಟವೆಲಿನ ಚೂರು ಕಟ್ಟಿದೆ. ಅಳಿಯ ಹಿಂದೆ ಬಂದ. ದಾರಿಯುದ್ದಕ್ಕೂ ಅವನಿಗೆ ಹೇಳಿಕೊಂಡು ಹೋದೆ: ನೀರುಕಾಗೆ ಯಾವ ಕಡೆಯಿಂದ ಬರುತ್ತದೆ, ಗಳ ನೀರಿಗೆ ಬಡಿಯದೆ ಯಾಕೆ ಗಾಳಿಯಲ್ಲಿ ಬೀಸಬೇಕು, ಕೆಂಪು ಎಷ್ಟು ದಿನಕ್ಕೆ ಕಪ್ಪಾಗುತ್ತದೆ. ಹೇಳುವುದು ತಡವಾಗಿತ್ತು. ನಾವು ಹೋಗುವಷ್ಟರಲ್ಲಿ ಎರಡು ನೀರುಕಾಗೆ ಬೊಡ್ಡೆಯ ಮೇಲೆ ರೆಕ್ಕೆ ಒಣಗಿಸುತ್ತ ಕೂತಿದ್ದವು, ಮೊರದಷ್ಟು ಇರಬೇಕಾದ ಕೆಂಪು ಬೊಗಸೆಯಷ್ಟಾಗಿತ್ತು. ಸಂಜೆಯವರೆಗೆ ಇಬ್ಬರೂ ಸರದಿಯಲ್ಲಿ ಗಳ ಬೀಸಿದೆವು. ಸೋಮವಾರ ಅವನಿಗೆ ಕೆಲಸ, ಹೋಗಲೇಬೇಕಿತ್ತು. ನನಗೂ ಕೆಲಸವಿತ್ತು, ಹೂಟಿಗೆ ಟ್ರ್ಯಾಕ್ಟರ್ ಹೇಳಿದ್ದೆ. ಬೆಳಿಗ್ಗೆ ಒಂದು ಸಲ ನೋಡಿ ಬರೋಣ ಅಂತ ನೀರಿಗೆ ಇಳಿದವನು ಕಲ್ಲಿನ ಮೇಲೆ ಕೂತೆ. ಸೊಂಟ ನೋಯುತ್ತಿತ್ತು, ಅಪ್ಪನ ಮೇಲಿನ ಸಿಟ್ಟು ಹಾಗೇ ಇತ್ತು, ಬಿಸಿಲು ಏರುತ್ತಿತ್ತು. ಜೇಬಿನಲ್ಲಿ ಫೋನ್ ಬಡಿದುಕೊಂಡಿತು.

"ಅಣ್ಣ, ಟ್ರ್ಯಾಕ್ಟರ್ ತಗೊಂಡು ಗದ್ದೆ ಹತ್ರ ಬಂದು ಅರ್ಧ ಗಂಟೆ ಆತು. ಎಲ್ಲಿದೀರಿ?"

ಆ ಕಡೆಯ ಬೊಡ್ಡೆಯಿಂದ ಒಂದು ನೀರುಕಾಗೆ ಎದ್ದಿತು. ಗಳ ಎತ್ತಿದೆ.

"ಮೀನಿನ ಮರಿ ಕಾಯ್ತಾ ಕೂತಿದೀನಿ ಮಾರಾಯ" ಅಂದೆ. "ನೀನು ಹೂಡಿಕೊಂಡಿರು."

ಆಮೇಲೆ ಟ್ರ್ಯಾಕ್ಟರ್ ಚಾಲೂ ಆದದ್ದು ಕೇಳಿಸಿತು, ಮೊದಲು ಫೋನಿನಲ್ಲಿ, ಮತ್ತೆ ಗದ್ದೆಯ ಕಡೆಯಿಂದ.